ಎಂಟು ಅಲೆ ಕೆಳಗೆ

ಹಾರ್ಮೋನಿಯಂ ರೀಡನ್ನು ಒಮ್ಮೆ ಹೆರೆದರೆ ಹೆರೆದದ್ದೇ. ಬಿರುಕು ಬಿಟ್ಟ ಮರಕ್ಕೆ ಮೇಣ ತುಂಬಬಹುದು, ಹರಿದ ತಿದಿಗೆ ಚರ್ಮ ಅಂಟಿಸಬಹುದು. ಹಿತ್ತಾಳೆಯ ಆ ಪುಟ್ಟ ನಾಲಿಗೆಯಿಂದ ಉದುರಿದ ಪುಡಿಯನ್ನು ಮಾತ್ರ ವಾಪಸು ಕೂರಿಸಲು ಬರುವುದಿಲ್ಲ. ನನಗೆ ಈ ಕೆಲಸ ಕಲಿಸಿದವರು ಮೊದಲ ದಿನ ಹೇಳಿದ ಮಾತಿದು. ಅದು ಗೊತ್ತಿದ್ದೂ ಆ ಬೇಸಿಗೆಯಲ್ಲಿ ನಾನು ಹೊಳೆನರಸೀಪುರದ ಒಂದು ಮನೆಯಲ್ಲಿ, ಕಿಟಕಿಗಳಿಗೆಲ್ಲ ಕಂಬಳಿ ಬಡಿದ ಕೋಣೆಯೊಳಗೆ ಕೂತು, ಏನೂ ಕೆಟ್ಟಿರದ ಜರ್ಮನ್ ರೀಡುಗಳನ್ನು ಒಂದೊಂದಾಗಿ ಹೆರೆದೆ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿದ್ದಿರಬೇಕು. ಹಾಸನದಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಭಜನಾ ಮಂಡಳಿಗಳ, ನಾಟಕದವರ, ಸ್ಕೂಲುಗಳ ಹಾರ್ಮೋನಿಯಂ ರಿಪೇರಿಗೆ ಬರುತ್ತಿದ್ದವು. ಅದಿಲ್ಲದ ದಿನ ಟೇಪ್ ರೆಕಾರ್ಡರ್ ಬಿಚ್ಚುತ್ತಿದ್ದೆ. ನಾಲೆ ಕೆಲಸದಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ಒಬ್ಬರು ಒಂದು ಬೆಳಿಗ್ಗೆ ಬಂದು ನನ್ನ ಮೇಜಿನ ಮೇಲೆ ಎರಡು ಟ್ಯೂನಿಂಗ್ ಫೋರ್ಕ್ ಇಟ್ಟರು.

"ಹೊಡೆದು ನೋಡಿ," ಎಂದರು.

ಮೊದಲನೆಯದನ್ನು ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದೆ. ನಾನು ದಿನವೂ ಕೇಳುವ ಆರನೇ ಬಿಳಿ ಮನೆಯ ಸ್ವರ; ಹಾರ್ಮೋನಿಯಮ್ಮಿನಲ್ಲಿ ಬೆರಳೊತ್ತುವ ಪಟ್ಟಿಗೆ ನಾವು ಮನೆ ಎನ್ನುತ್ತೇವೆ. ಎರಡನೆಯದೂ ಅದೇ ಸ್ವರ, ಆದರೆ ಕೂದಲೆಳೆಯಷ್ಟು ಕೆಳಗೆ. ಎರಡನ್ನೂ ಒಟ್ಟಿಗೆ ಬಡಿದು ಬುಡವನ್ನು ಮೇಜಿಗೆ ಒತ್ತಿದಾಗ ಹಲಗೆಯೆಲ್ಲ ಉಂವ್ ಉಂವ್ ಎಂದು ಅಲೆ ಎದ್ದಿತು. ಎರಡು ಸ್ವರ ಒಂದಕ್ಕೊಂದು ಕೂಡದಿದ್ದಾಗ ಹೀಗೆ ಅಲೆ ಏಳುತ್ತದೆ. ಶ್ರುತಿ ಕೂಡಿಸುವವರು ಆ ಅಲೆಯನ್ನೇ ಎಣಿಸುತ್ತೇವೆ. ಇಲ್ಲಿ ಸೆಕೆಂಡಿಗೆ ಎಂಟು.

"ನಾನೂರ ನಲವತ್ತು, ನಾನೂರ ಮೂವತ್ತೆರಡು," ಎಂದರು ಎಂಜಿನಿಯರು. "ಈಗ ಎಲ್ಲ ಕಡೆ ಮೊದಲನೆಯದಕ್ಕೇ ಕೂಡಿಸ್ತಾರೆ. ಎರಡನೆಯದು ದೇಹಕ್ಕೆ ಒಗ್ಗೋ ಶ್ರುತಿ ಅಂತ ಇಂಟರ್‌ನೆಟ್ಟಲ್ಲಿ ಓದಿದೆ. ಓದಿದ್ದಷ್ಟೇ ಅಲ್ಲ, ಮನೇಲೇ ಕಣ್ಣಾರೆ ನೋಡಿದ್ದೀನಿ."

ಅವರ ಹೆಂಡತಿ ಹಾಡುತ್ತಿದ್ದವರಂತೆ. ಊರಿನ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಒಂದು ವರ್ಷದಿಂದ ಸಂಗೀತ ಕೇಳಿದರೆ ಸಾಕು, ಅವರಿಗೆ ತಲೆ ಸುತ್ತುತ್ತಿತ್ತು. ಗೋಡೆ ಹಿಡಿದು ಕೂತುಬಿಡುತ್ತಿದ್ದರು. ಒಂದು ಸಂಜೆ ಕರೆಂಟಿಲ್ಲದೆ, ಸೆಲ್ಲು ಮುಗಿಯುತ್ತ ಬಂದಿದ್ದ ಟೇಪ್ ರೆಕಾರ್ಡರಿನಲ್ಲಿ ಹಾಡು ನಿಧಾನವಾಗಿ, ಎಳೆದೆಳೆದು ಬರುತ್ತಿದ್ದಾಗ ಆಕೆ ಸುಮ್ಮನೆ ಕೂತು ಪೂರ್ತಿ ಕೇಳಿದರಂತೆ. ಅಲ್ಲಿಂದ ಇವರ ಶೋಧ ಶುರುವಾಗಿತ್ತು. ಆಕೆಯ ಹಾರ್ಮೋನಿಯಮ್ಮನ್ನು ಎಂಟು ಅಲೆ ಕೆಳಗಿಳಿಸಿಕೊಟ್ಟರೆ ಮತ್ತೆ ಹಾಡಿಯಾಳು ಎಂಬುದು ಅವರ ನಂಬಿಕೆ.

"ಸಾ, ಹಾಡೋರು ಅವರವರ ಗಂಟ್ಲಿಗೆ ತಕ್ಕಂಗೆ ಶ್ರುತಿ ಇಟ್ಕತಾರೆ. ನಮ್ಮ ಸಂಗೀತ್ದಲ್ಲಿ ಈ ನಂಬರ್ರೇ ಇಲ್ವಲ್ಲ ಸಾ," ಎಂದೆ.

"ಯಾರೂ ಅಳತೆ ಮಾಡಿಲ್ಲ, ಅದಕ್ಕೇ ಇಲ್ಲ. ನಾನು ಮಾಡ್ತೀನಿ."

ಪೆಟ್ಟಿಗೆ ಮನೆ ಬಿಟ್ಟು ಹೊರಗೆ ಬರಕೂಡದು, ಪ್ರತಿ ರೀಡನ್ನೂ ತಮ್ಮೆದುರಿಗೇ ಇಳಿಸಬೇಕು ಎಂದು ಹೇಳಿದರು. ಒಪ್ಪಿದೆ. ಹಾಡು ಬಿಟ್ಟ ಒಬ್ಬ ಹೆಂಗಸಿನ ಮೇಲಿನ ಕನಿಕರ ಒಂದು ಕಾರಣ. ಇನ್ನೊಂದನ್ನೂ ಹೇಳಿಬಿಡಬೇಕು. ಎಪ್ಪತ್ತೆಂಟು ರೀಡನ್ನು ಕೂದಲೆಳೆಯಷ್ಟು ಕೆಳಗಿಳಿಸುವ ಕೆಲಸ ಅದುವರೆಗೆ ಯಾರೂ ನನಗೆ ಕೊಟ್ಟಿರಲಿಲ್ಲ. ನನ್ನ ಕೈ ಎಂಥದ್ದು ಅಂತ ನನಗೇ ನೋಡಬೇಕಿತ್ತು. ಮನೆಯವಳಿಗೆ ಮೂರು ದಿನ ಎಂದು ಹೇಳಿ ಹೊಳೆನರಸೀಪುರದ ಬಸ್ಸು ಹತ್ತಿದೆ.

ಆ ಕೋಣೆಯಲ್ಲಿ ಫ್ಯಾನು ಹಾಕುವಂತಿರಲಿಲ್ಲ. ಅದರ ಸದ್ದಿನಲ್ಲಿ ಅಲೆ ಎಣಿಸಲಾಗುವುದಿಲ್ಲ ಎಂಬುದು ನಿಜ, ಆದರೆ ಎಂಜಿನಿಯರು ಹೊರಗಿನ ಆಟೋ, ಪಕ್ಕದ ಮನೆಯ ಟಿ.ವಿ. ಯಾವುದೂ ಒಳಗೆ ಬರಬಾರದೆಂದು ಕಿಟಕಿಗಳಿಗೆಲ್ಲ ಹಳೆಯ ಕಂಬಳಿ ಹೊಡೆದಿದ್ದರು. ಬಾಗಿಲು ಹಾಕಿದರೆ ಹಗಲು ಹನ್ನೆರಡರಲ್ಲೂ ಬಲ್ಬು ಬೇಕು. ನಡುವೆ ಒಂದು ಚಾಪೆ, ಚಾಪೆಯ ಮೇಲೆ ಹಾರ್ಮೋನಿಯಂ. ತವರಿನಿಂದ ಬಂದದ್ದು. ಮೂವತ್ತೊಂಬತ್ತು ಮನೆ, ಮನೆಗೆ ಎರಡರಂತೆ ರೀಡು, ಎತ್ತರದ ಸ್ಥಾಯಿಗೆ ಒಂದು ಸಾಲು, ತಗ್ಗಿನದಕ್ಕೆ ಒಂದು ಸಾಲು. ಮುಚ್ಚಳ ತೆಗೆದು ನೋಡಿದಾಗ ಒಂದರ ಮೇಲೂ ಅರ ಆಡಿಸಿದ ಗುರುತಿರಲಿಲ್ಲ. ಅಂಥ ರೀಡು ನೋಡಿ ಎಷ್ಟೋ ವರ್ಷವಾಗಿತ್ತು.

ಎಂಜಿನಿಯರ ಹೆಂಡತಿ, ಅಮ್ಮನವರು, ಬಾಗಿಲಲ್ಲಿ ನಿಂತಿದ್ದರು. ಅರವತ್ತರ ಹತ್ತಿರದವರು, ತೆಳ್ಳಗೆ, ಎಡಗಿವಿಯಲ್ಲಿ ಹತ್ತಿ. "ನಮ್ಮಪ್ಪ ಕೊಡಿಸಿದ್ದು ಕಣಪ್ಪಾ. ಹುಷಾರು," ಎಂದು ಅಷ್ಟು ಹೇಳಿ ಹೋದರು.

ಮೊದಲು ಟೇಪ್ ರೆಕಾರ್ಡರಿನ ಕೆಲಸ. ಅದರ ಮೋಟಾರಿನ ಬೆನ್ನಿನಲ್ಲಿ ವೇಗ ಹೊಂದಿಸುವ ಒಂದು ಪುಟ್ಟ ತಿರುಪು ಇರುತ್ತದೆ. ಮೊದಲು ಅದು ಇದ್ದ ಜಾಗಕ್ಕೆ ಪೆನ್ಸಿಲಿನಲ್ಲಿ ಗೀಟು ಹಾಕಿಕೊಂಡೆ. ನೂರರಲ್ಲಿ ಸುಮಾರು ಎರಡು ಪಾಲು ನಿಧಾನವಾಗುವಷ್ಟು ತಿರುಗಿಸಿ, ಅಲ್ಲಿಗೆ ಇನ್ನೊಂದು ಗೀಟು ಹಾಕಿದೆ. ಸಂಜೆ ಐದಕ್ಕೆ ಎಂಜಿನಿಯರು ಹೆಂಡತಿಯ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು, ಆಕೆಯೇ ಹಿಂದೆ ಹಾಡಿದ್ದ ಕ್ಯಾಸೆಟ್ಟನ್ನು ತೀರಾ ಸಣ್ಣ ಸದ್ದಿನಲ್ಲಿ ಹಾಕಿದರು. ನನಗೂ ಅಲ್ಲೇ ಕೂರಲು ಹೇಳಿದರು. ಧ್ವನಿ ಸ್ವಲ್ಪ ಭಾರವಾಗಿ, ನಿಂತು ಹಾಡುತ್ತಿದ್ದವರು ಕೂತು ಹಾಡಿದ ಹಾಗೆ ಕೇಳುತ್ತಿತ್ತು. ಚೆನ್ನಾಗಿಯೇ ಇತ್ತು. ಅಮ್ಮನವರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಕ್ಯಾಸೆಟ್ಟು ಮುಗಿದಾಗ ಎಂಜಿನಿಯರು ಮುಂದಕ್ಕೆ ಬಾಗಿ, "ಹೇಗಿತ್ತು?" ಎಂದರು.

ಆಕೆ ಅವರ ಮುಖ ನೋಡಿ, "ಹಿತವಾಗಿತ್ತು," ಎಂದರು. ಅವರು ಬರೆದುಕೊಂಡರು.

ಮಾರನೆಯ ದಿನದಿಂದ ರೀಡು. ಎತ್ತರದ ಸಾಲನ್ನು ಮೊದಲು ಹಿಡಿದೆ. ರೀಡಿನ ತಟ್ಟೆಯ ತಿರುಪು ಬಿಚ್ಚಿ ಹೊರತೆಗೆಯಬೇಕು. ನಾಲಿಗೆಯ ಕೆಳಗೆ ತೆಳುವಾದ ಉಕ್ಕಿನ ಹಾಳೆ ತೂರಿಸಿ, ಅದು ಬೆಸೆದಿರುವ ಬುಡದ ಹತ್ತಿರ ಮೂರು ಸಲ, ಬರೀ ಮೂರು ಸಲ ಹೆರೆಯಬೇಕು. ಬುಡ ತೆಳುವಾದಷ್ಟೂ ಸ್ವರ ಇಳಿಯುತ್ತದೆ. ಹೆರೆದಾಗ ಹಿತ್ತಾಳೆ ಬಿಸಿಯಾಗುತ್ತದೆ, ಬಿಸಿಯಲ್ಲಿ ಸ್ವರ ಇನ್ನೂ ಕೆಳಗೆ ಕೇಳುತ್ತದೆ. ಆರುವ ತನಕ ಕಾದು, ಮತ್ತೆ ಪೆಟ್ಟಿಗೆಗೆ ಕೂರಿಸಿ, ತಿದಿ ಒತ್ತಿ, ಫೋರ್ಕಿನ ಜೊತೆ ಅಲೆ ಎಣಿಸಬೇಕು. ಆರನೇ ಮನೆಯನ್ನು ಫೋರ್ಕಿಗೆ ಕೂಡಿಸಿ, ಅದರಿಂದ ಉಳಿದ ಮನೆಗಳನ್ನು ಒಂದಕ್ಕೊಂದು ಕೂಡಿಸುತ್ತ ಹೋದೆ. ಎಂಜಿನಿಯರು ಪಕ್ಕದಲ್ಲೇ ಕಂಪ್ಯೂಟರಿನಿಂದ ತೆಗೆದ ಹಾಳೆ ಹಿಡಿದು ಕೂತಿರುತ್ತಿದ್ದರು.

ಮೇ ತಿಂಗಳ ಸೆಕೆ, ಮುಚ್ಚಿದ ಕೋಣೆ. ಮಧ್ಯಾಹ್ನ ಕೂಡಿಸಿದ್ದು ಮರುದಿನ ಬೆಳಗಿನ ತಂಪಿಗೆ ಮೇಲೇರಿರುತ್ತಿತ್ತು. ಮತ್ತೆ ಬಿಚ್ಚು, ಮತ್ತೆ ಹೆರೆ. ಮೂರು ದಿನ ಎಂದದ್ದು ಆರಾಯಿತು. ಅಷ್ಟು ಹೊತ್ತಿಗೆ ನನ್ನ ಕಿವಿಯೇ ಕೆಟ್ಟಿತು. ಊಟಕ್ಕೆ ಎದ್ದು ಹೊರಗೆ ಬಂದರೆ ದೇವಸ್ಥಾನದ ನಾಗಸ್ವರ, ಬಸ್ಸಿನ ಹಾರನ್ನು, ಪಕ್ಕದ ಮನೆಯ ಹಾಡು ಎಲ್ಲವೂ ಎತ್ತರದಲ್ಲಿ ಕೇಳುತ್ತಿದ್ದವು. ಜಗತ್ತೇ ಎಂಟು ಅಲೆ ಮೇಲೆ ಹೋಗಿ ನಾನೊಬ್ಬ ಕೆಳಗೆ ಉಳಿದ ಹಾಗೆ.

ಏಳನೆಯ ದಿನ ಎತ್ತರದ ಸಾಲು ಮುಗಿಯಿತು. ತಗ್ಗಿನ ಸಾಲಿಗೆ ಗಾಳಿ ಹೋಗದಂತೆ ನಾನು ಮುಚ್ಚಿದೆ. ಎಂಜಿನಿಯರು ಅಮ್ಮನವರನ್ನು ಕರೆದು ಚಾಪೆಯ ಮೇಲೆ, ಪೆಟ್ಟಿಗೆಯ ಬಲಕ್ಕೆ ಕೂರಿಸಿದರು. ಅವರ ಎಡಗಿವಿ ನನ್ನ ಕಡೆಗಿತ್ತು.

"ಪೂರ್ತಿ ಗಾಳಿ ಕೊಡಿ. ಮೇಲಿನ ಸಾ ಹಿಡೀರಿ," ಎಂದರು ಎಂಜಿನಿಯರು.

ತಿದಿಯನ್ನು ಬಲವಾಗಿ ಒತ್ತಿ ಸ್ವರ ಹಿಡಿದೆ. ಎರಡು ಸೆಕೆಂಡು ಆಗಿರಲಿಲ್ಲ, ಆಕೆ "ಅಯ್ಯೋ" ಎಂದು ಗೋಡೆಗೆ ಕೈ ಚಾಚಿ, ಸಿಗದೆ, ಪಕ್ಕಕ್ಕೆ ವಾಲಿ ಬಿದ್ದರು. ಹಿಡಿದು ಕೂರಿಸಿದೆವು. ಕಣ್ಣುಗುಡ್ಡೆಗಳು ಒಂದೇ ಕಡೆಗೆ ಜಗ್ಗಿ ಜಗ್ಗಿ ವಾಪಸಾಗುತ್ತಿದ್ದವು. ವಾಂತಿಯಾಯಿತು.

ಕೆಲಸದ ರಂಗಮ್ಮ ಬಂದು ಅವರನ್ನು ಒಳಗೆ ಕರೆದುಕೊಂಡು ಹೋದಳು. ಎಂಜಿನಿಯರು ಫೋರ್ಕ್ ತೆಗೆದುಕೊಂಡು ಆರನೇ ಮನೆಯ ಜೊತೆ ಇಟ್ಟು ಬಹಳ ಹೊತ್ತು ಕೇಳಿದರು.

"ಎರಡು ಸೆಕೆಂಡಿಗೆ ಒಂದು ಅಲೆ ಇದೆ. ನೀವು ಸರಿಯಾಗಿ ಇಳಿಸಿಲ್ಲ. ಅದಕ್ಕೇ ಹೀಗಾಯ್ತು."

"ಸಾ, ಅಷ್ಟು ಯಾವ ಪೆಟ್ಗೇಲೂ ಇರ್ತದೆ."

"ಇರಬಾರದು. ಮತ್ತೆ ಹೆರೀರಿ."

ಹೆರೆದೆ. ಮೂವತ್ತೊಂಬತ್ತನ್ನೂ ಮತ್ತೆ ಬಿಚ್ಚಿದೆ. ಮೇಲಿನ ಸ್ಥಾಯಿಯ ರೀಡುಗಳು ಉಗುರಿಗಿಂತ ಸಣ್ಣವು. ಅವುಗಳಲ್ಲಿ ಒಂದು ಕೂಡಿಸಿದ ಮೇಲೂ ತಾನಾಗಿ ಕೆಳಕ್ಕೆ ಜಾರುತ್ತಿತ್ತು. ಬುಡದಲ್ಲಿ ಬಿರುಕು ಬಿಟ್ಟಿದೆ ಎಂಬುದಕ್ಕೆ ಅದೇ ಗುರುತು. ಗೊತ್ತಾಗುವಷ್ಟರಲ್ಲಿ ಟಿಕ್ ಎಂದು ಮುರಿದು ನನ್ನ ಅಂಗೈ ಮೇಲೆ ಬಿತ್ತು. ಎಷ್ಟೋ ವರ್ಷ ದನಿ ಕೆಡದೆ ಇದ್ದದ್ದು ನನ್ನ ಕೈಯಲ್ಲಿ ಹೋಯಿತು.

ಅವತ್ತು ಮಧ್ಯಾಹ್ನ ಎಸ್‌ಟಿಡಿ ಬೂತಿಗೆ ಹೋಗಿ ಮನೆಗೆ ಫೋನು ಮಾಡಿದೆ.

"ಮೂರು ದಿನ ಅಂತ ಓದೋರು, ಅಲ್ಲೇ ಬೇರೆ ಸಂಸಾರ ಊಡ್ಬುಟ್ರಾ?" ಎಂದಳು ನನ್ನ ಹೆಂಡತಿ. ನಾನು ನಗಲಿಲ್ಲವಾದ್ದರಿಂದ ಗಾಬರಿಯಾಗಿ, "ಯಾಕ್ರೀ, ಉಸಾರಾಗಿದೀರಾ?" ಎಂದು ಕೇಳಿದಳು.

"ಅರ್ಧ ಆಗ್ಯದೆ ಕಣೆ. ಬಿಡಂಗೂ ಇಲ್ಲ, ಮಾಡಂಗೂ ಇಲ್ಲ."

"ಬುಟ್ಟು ಬಂದ್ಬುಡಿ ಅತ್ಲಾಗೆ."

ಬೂತಿನ ಎದುರಿಗೇ ಬಸ್ ಸ್ಟ್ಯಾಂಡು. ಹಾಸನದ ಬಸ್ಸು ನಿಂತಿತ್ತು, ಕಂಡಕ್ಟರು ಕೂಗುತ್ತಿದ್ದ. ಮೆಟ್ಟಿಲ ತನಕ ಹೋದೆ. ಆದರೆ ಆ ಪೆಟ್ಟಿಗೆ ಈಗ ಯಾರಿಗೂ ಬೇಡದ್ದಾಗಿತ್ತು. ಒಂದು ಮನೆ ಒತ್ತಿದರೆ ಮೇಲಿನ ರೀಡು ಒಂದು ಹೇಳಿದರೆ ಕೆಳಗಿನದು ಇನ್ನೊಂದು ಹೇಳುತ್ತಿತ್ತು. ಹಾಗೆ ಬಿಟ್ಟು ಹೋದರೆ ಅದು ಹಾರ್ಮೋನಿಯಮ್ಮೇ ಅಲ್ಲ. ಎತ್ತರದ ಸಾಲನ್ನು ಮತ್ತೆ ಮೇಲೇರಿಸಲು ತುದಿಯನ್ನು ಹೆರೆಯಬೇಕು. ಬುಡವೂ ತುದಿಯೂ ತೆಳುವಾದ ರೀಡು ಬಹಳ ದಿನ ಬಾಳುವುದಿಲ್ಲ. ಹಿಂದಕ್ಕೆ ದಾರಿ ಇರಲಿಲ್ಲ. ಬಸ್ಸು ಹೋಯಿತು, ನಾನು ವಾಪಸು ಬಂದು ಕಂಬಳಿಯ ಕೋಣೆಗೆ ಸೇರಿದೆ.

ಮಾರನೆಯ ಬೆಳಿಗ್ಗೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಗ ಒಗೆಯುವ ಕಲ್ಲಿನ ಹತ್ತಿರ ರಂಗಮ್ಮ ಇದ್ದಳು. ದಂಡಿಗನಹಳ್ಳಿ ಕಡೆಯವಳು, ಆ ಮನೆಯಲ್ಲಿ ಬಹಳ ಕಾಲದಿಂದ ಇದ್ದವಳು. ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ಅಣ್ಣಾ, ಒಂದ್ ಮಾತು. ನಿಮ್ ಪೆಟ್ಗೆ ರಿಪೇರಿಯಿಂದ ಅಮ್ಮಾರಿಗೆ ವಾಸಿ ಆಗಾಕಿಲ್ಲ ಕಣಣ್ಣ."

"ಯಾಕವ್ವ?"

"ಅವ್ರ ದಿಂಬಿನ ಕವರು ದಿನಾ ನಾನೇ ಒಗಿಯಾದು. ಎಡಗಿವಿ ತಾವ ಕೀವು ಅಂಟಿರ್ತದೆ. ವಾಸ್ನೆ ಅಂದ್ರೆ ಸತ್ತ ಇಲಿ ವಾಸ್ನೆ. ಬೆಳ್ಳುಳ್ಳಿ ಎಣ್ಣೆ ಆಕಿ ಅತ್ತಿ ಮುಚ್ಕತಾರೆ. ಯಜಮಾನ್ರಿಗೆ ಏಳ್ಬ್ಯಾಡ ಅಂತ ದೇವ್ರ ಮುಂದೆ ಮಾತ್ ತಕಂಡವ್ರೆ."

ನಾನು ರಿಪೇರಿಯವನು, ವೈದ್ಯನಲ್ಲ. ಆದರೆ ಆ ದಿನವೆಲ್ಲ ರೀಡಿಗಿಂತ ಹೆಚ್ಚಾಗಿ ಅಮ್ಮನವರನ್ನು ಗಮನಿಸಿದೆ. ಅವರು ಉತ್ತರ ಕೊಡುವ ಮೊದಲು ಎದುರಿನವರ ತುಟಿ ನೋಡುತ್ತಿದ್ದರು. ಎಡಗಡೆಯಿಂದ ಕರೆದರೆ ತಿರುಗುತ್ತಿರಲಿಲ್ಲ.

ಅದೇ ಸಂಜೆ ಐದರ ಹೊತ್ತಿಗೆ ಕ್ಯಾಸೆಟ್ಟು ಹಾಕಿ ಸ್ವಲ್ಪ ಹೊತ್ತಾಗಿತ್ತು. ಫೋನು ಬಂತೆಂದು ಎಂಜಿನಿಯರು ಹೊರಗೆ ಹೋದರು. ಆಗ ಕರೆಂಟು ಹೋಯಿತು. ಬಲ್ಬು ಆರಿತು, ಟೇಪು ನಿಂತಿತು. ಬಾಗಿಲ ಸಂದಿನ ಬೆಳಕಿನಲ್ಲಿ ಅಮ್ಮನವರು ಕಾಣುತ್ತಿದ್ದರು. ಕಣ್ಣು ಮುಚ್ಚಿಯೇ ಇತ್ತು. ಬೆರಳು ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು. ಹಾಡು ನಿಂತು ಒಂದು ನಿಮಿಷವಾಯಿತು, ಎರಡಾಯಿತು. ತಾಳ ಎಲ್ಲೂ ತಪ್ಪಲಿಲ್ಲ. ಕಣ್ಣು ಬಿಡದೆಯೇ, ಎದುರಿಗೆ ಗಂಡ ಕೂತಿದ್ದಾರೆಂದು ತಿಳಿದು, "ಇವತ್ತು ತುಂಬಾ ಹಿತವಾಗಿದೆ," ಎಂದರು.

ನಾನು ಎದ್ದು ಹೋಗಿ ಅವರ ಬಲಗಡೆ ಕೂತು, "ಅಮ್ಮಾ, ಕರೆಂಟ್ ಓಗ್ಯದೆ," ಎಂದೆ.

ಅವರು ಕಣ್ಣು ಬಿಟ್ಟರು. ಮೊದಲು ಬಲ್ಬು ನೋಡಿದರು, ಆಮೇಲೆ ನನ್ನನ್ನು.

"ಎಷ್ಟು ದಿನದಿಂದ ಅಮ್ಮಾ?"

"ಎಡಗಡೇದು ಹೋಗಿ ವರ್ಷದ ಮೇಲಾಯ್ತು. ಬಲಗಡೆ ಜೋರಾಗಿದ್ರೆ ಕೇಳತ್ತೆ. ಇವರು ಹಾಕೋ ಸದ್ದು ನನಗೆ ಮುಟ್ಟೋದೇ ಇಲ್ಲ."

ಫೋರ್ಕ್ ಬಡಿದು ಎಡಗಿವಿಯ ಹತ್ತಿರ ಹಿಡಿದೆ. ತಲೆಯಾಡಿಸಿದರು, ಇಲ್ಲ. ಮತ್ತೆ ಬಡಿದಾಗ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಬುಡವನ್ನು ಹಣೆಗೆ ಒತ್ತಿಕೊಂಡರು. ಅವರ ಮುಖವೇ ಬದಲಾಯಿತು.

"ಗುಂಯ್ ಅಂತಿದೆ! ಕೆಟ್ಟ ಕಿವಿಲೇ ಕೇಳ್ತಿದೆ!"

ಅದು ಯಾಕೆ ಹಾಗೆ ಎಂದು ನನಗೂ ಗೊತ್ತಿರಲಿಲ್ಲ. ಮತ್ತೆ ಮತ್ತೆ ಬಡಿದುಕೊಟ್ಟೆ. ಎರಡು ಫೋರ್ಕೂ ಕೊಟ್ಟೆ. ಎರಡೂ ಒಂದೇ ಥರ ಹಿತವಾಗಿದೆ ಎಂದು ನಕ್ಕರು.

"ಯಜಮಾನ್ರಿಗೆ ಏಳಿ ಅಮ್ಮಾ. ಡಾಕ್ಟ್ರ ತಾವ ಓಗ್ಬೇಕು ನೀವು."

ನಗು ಹೋಯಿತು. "ಹೋಗಿದ್ದೆ. ಅವರಿಗೆ ಗೊತ್ತಿಲ್ಲ. ಆಪರೇಷನ್ ಅಂದ್ರು. ನಮ್ಮಕ್ಕನಿಗೆ ಕಿವಿ ಆಪರೇಷನ್ ಆದಮೇಲೆ ಮೂತಿ ಸೊಟ್ಟ ಆಗಿ, ಸಾಯೋವರೆಗೆ ಸೆರಗು ಮುಚ್ಕೊಂಡೇ ಇದ್ಲು." ಬಾಗಿಲ ಕಡೆ ನೋಡಿ, "ಇನ್ನೊಂದು ಇದೆ ಕಣಪ್ಪಾ. ಮೂವತ್ತೈದು ವರ್ಷ ಇವರು ನಾಲೆ, ಸೈಟು, ಕ್ಯಾಂಪು ಅಂತ ಓಡಾಡಿದವರು. ನಾನು ಹಾಡೋದನ್ನ ಒಂದು ದಿನಾನೂ ಕೂತು ಕೇಳಿರಲಿಲ್ಲ. ಈಗ ದಿನಾ ಐದು ಗಂಟೆಗೆ ನನ್ನ ಎದುರಿಗೆ ಕೂತ್ಕೋತಾರೆ. ನನ್ನ ಮುಖಾನೇ ನೋಡ್ತಾರೆ. ಹೇಗಿತ್ತು ಅಂತಾರೆ. ಇಲ್ಲ ಅಂತ ಹೇಗೆ ಹೇಳಲಿ? ನೀನೂ ಹೇಳಬೇಡ. ನಿನ್ನ ಮಕ್ಕಳಾಣೆ."

ಹೊರಗೆ ಚಪ್ಪಲಿ ಸದ್ದಾಯಿತು. ನಾನು ತಲೆಯಾಡಿಸಿಬಿಟ್ಟೆ.

ಮುಂದಿನ ಎರಡು ದಿನವೂ ಆ ಕೋಣೆಯಲ್ಲಿ ಕೂತು ಹೆರೆದೆ. ಇಬ್ಬರ ನಡುವೆ ಸಿಕ್ಕಿಕೊಂಡಿದ್ದೆ. ಗಂಡ ಹೆಂಡತಿಗಾಗಿ ಹೆರೆಯಿಸುತ್ತಿದ್ದರು, ಹೆಂಡತಿ ಗಂಡನಿಗಾಗಿ ಕೇಳಿದ ಹಾಗೆ ನಟಿಸುತ್ತಿದ್ದರು, ರೀಡು ತೆಳುವಾಗುತ್ತಿತ್ತು. ಕೆಲಸ ಮಾಡುತ್ತಲೇ ಒಂದು ಸಂಗತಿ ಹೊಳೆಯಿತು. ಏನಾದರೂ ಕೆಟ್ಟಾಗ ನಾವು ಎರಡು ತಿರುಪನ್ನು ಒಟ್ಟಿಗೆ ತಿರುಗಿಸುವುದಿಲ್ಲ. ತಿರುಗಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಸೆಲ್ಲು ಮುಗಿದ ಆ ಸಂಜೆ ಟೇಪಿನ ಶ್ರುತಿಯೂ ಇಳಿದಿತ್ತು, ಸದ್ದೂ ಇಳಿದಿತ್ತು. ಎಂಜಿನಿಯರು ಶ್ರುತಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಪೆಟ್ಟಿಗೆಯಲ್ಲಿ ನಾನು ಶ್ರುತಿ ಇಳಿಸಿ ಸದ್ದು ಏರಿಸಿದಾಗ ಆಕೆ ಬಿದ್ದಿದ್ದರು.

ಮೊದಲ ದಿನ ಮಧ್ಯಾಹ್ನ ಎಂಜಿನಿಯರು ಮಲಗಿದ್ದಾಗ ಟೇಪಿನ ಹಿಂಬದಿ ಬಿಚ್ಚಿ, ತಿರುಪನ್ನು ಮೊದಲಿನ ಗೀಟಿಗೆ ತಂದೆ. ಸದ್ದನ್ನು ಮುಟ್ಟಲಿಲ್ಲ. ಸಂಜೆ ನಾನೂರ ನಲವತ್ತರ ಹಾಡು ಓಡಿತು. "ಹಿತವಾಗಿತ್ತು" ಎಂದರು ಅಮ್ಮನವರು. ಎಂಜಿನಿಯರು, "ನನಗೇ ಇವತ್ತು ಎದೆ ತಣ್ಣಗಾಯ್ತು ನೋಡಿ," ಎಂದು ಬರೆದುಕೊಂಡರು. ಸದ್ದು ಸಣ್ಣದಿದ್ದರೆ ಶ್ರುತಿ ಯಾವುದಾದರೂ ಒಂದೇ ಎಂದು ಗೊತ್ತಾಯಿತು, ಆದರೆ ಗೊತ್ತಾಗಿ ಮಾಡುವುದೇನು? ಹೇಳುವಂತಿಲ್ಲ. ಈಗ ಗಂಡನ ಪಾಲಿಗೂ ನಾನು ಸುಳ್ಳನಾಗಿದ್ದೆ. ಮರುದಿನವೂ ಅದೇ ಆಯಿತು. ಮುಂದಿನ ಬೆಳಿಗ್ಗೆ ತಗ್ಗಿನ ಸಾಲು ಶುರು ಮಾಡಬೇಕೆಂದು ತೀರ್ಮಾನವಾಯಿತು.

ಆ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಿದ್ದೆ. ಅಮ್ಮನವರೂ ಒಳಗೆ ಮಣೆಯ ಮೇಲೆ ಕೂತು ಲೋಟ ಎತ್ತಿದರು. ಬಾಯಿಯ ಎಡಮೂಲೆಯಿಂದ ಕಾಫಿ ಸುರಿದು ಸೀರೆಯ ಮೇಲೆ ಬಿತ್ತು. ಅವರಿಗೆ ಅದು ತಿಳಿಯಲೇ ಇಲ್ಲ. ರಂಗಮ್ಮ ಒರೆಸಲು ಬಂದಾಗ ಮುಖ ಎತ್ತಿದರು. ರೆಪ್ಪೆ ಬಡಿದಾಗ ಬಲಗಣ್ಣು ಮುಚ್ಚಿತು, ಎಡಗಣ್ಣು ಪೂರ್ತಿ ಮುಚ್ಚಲಿಲ್ಲ.

ಆಪರೇಷನ್ನಿನಿಂದ ಯಾವುದು ಆಗುತ್ತದೆಂದು ಹೆದರಿದ್ದರೋ ಅದು ಆಪರೇಷನ್ ಇಲ್ಲದೆಯೇ ಬಂದಿತ್ತು. ನಾನು ಲೋಟ ಇಟ್ಟು ಕೋಣೆಗೆ ಹೋದೆ. ಎಂಜಿನಿಯರು ಹಾಳೆ ಹಿಡಿದು ಕಾಯುತ್ತಿದ್ದರು.

"ಸಾ, ನಾನು ಇವತ್ತು ಎರೆಯಾಕಿಲ್ಲ."

"ಯಾಕೆ?"

"ಎರಡು ದಿನದಿಂದ ಟೇಪು ಅಳೇ ಸ್ಪೀಡಲ್ಲೇ ಓಡ್ತಾ ಅದೆ. ನಾನೇ ತಿರುಪು ವಾಪಸ್ ತಿರುಗಿಸ್ದೆ."

ನಂಬಲಿಲ್ಲ. ಸ್ಕ್ರೂಡ್ರೈವರ್ ಅವರ ಕೈಗೇ ಕೊಟ್ಟೆ. ಹಿಂಬದಿ ಬಿಚ್ಚಿ, ಕನ್ನಡಕ ಏರಿಸಿ, ತಿರುಪು ಯಾವ ಗೀಟಿಗೆ ನಿಂತಿದೆ ಎಂದು ನೋಡಿದರು. ಅವರ ಕತ್ತು ಕೆಂಪಗಾಯಿತು.

"ನನ್ನ ಮನೇಲಿ ಉಂಡು ನನಗೇ ಮೋಸ ಮಾಡಿದ್ರಿ."

"ಔದು ಸಾ. ಆದ್ರೆ ಅಮ್ಮಾರು ಎರಡು ದಿನವೂ ಇತವಾಗಿತ್ತು ಅಂದ್ರು. ನೀವೇ ಬರ್ಕಂಡಿದ್ದೀರಿ. ಅವ್ರಿಗೆ ಆಗದಿರಾದು ಶ್ರುತಿ ಅಲ್ಲ ಸಾ, ಸದ್ದು. ಸೆಲ್ಲು ಕಮ್ಮಿ ಆದಾಗ ಎರಡೂ ಒಟ್ಗೆ ಇಳ್ದವೆ."

ಬೈಯಲು ತೆರೆದ ಬಾಯಿ ಹಾಗೇ ನಿಂತಿತು. ಎಂಜಿನಿಯರಿಗೆ ಅಷ್ಟು ಸಾಕಿತ್ತು. ಕೈಯಲ್ಲಿದ್ದ ಹಾಳೆ ನೋಡಿದರು, ಟೇಪು ನೋಡಿದರು. "ವಾಲ್ಯೂಮ್..." ಎಂದು ತಮ್ಮಷ್ಟಕ್ಕೇ ಅಂದರು.

"ಇನ್ನೂ ಅದೆ ಸಾ," ಎಂದು ಶುರುಮಾಡಿದೆ. ಅಷ್ಟರಲ್ಲಿ ಅಮ್ಮನವರೇ ಬಾಗಿಲಿಗೆ ಬಂದಿದ್ದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ. ಆಣೆ ಇಟ್ಟು ಕೇಳಿದ್ದರು, ನಾನು ತಲೆಯಾಡಿಸಿದ್ದೆ.

"ಅವನನ್ನ ಬೈಬೇಡಿ," ಎಂದರು ಗಂಡನಿಗೆ. ಮಾತು ಬಾಯಿಯ ಒಂದು ಕಡೆಯಿಂದ ಮಾತ್ರ ಬರುತ್ತಿತ್ತು. "ನನಗೆ ಟೇಪು ಕೇಳಿಸ್ತಾನೇ ಇರಲಿಲ್ಲ."

ರಂಗಮ್ಮ ಅವರ ಹಿಂದಿನಿಂದ ಬಂದು, ಯಾರೂ ಕೇಳದಿದ್ದರೂ, ಒಗೆಯದ ದಿಂಬಿನ ಕವರನ್ನು ಚಾಪೆಯ ಮೇಲೆ ಎಂಜಿನಿಯರ ಮುಂದೆ ಹಾಕಿದಳು. ಅವರು ಅದನ್ನು ಎತ್ತಿ ಮೂಸಿದರು. ಆಮೇಲೆ ಎದ್ದು, ಒಂದೊಂದೇ ಕಿಟಕಿಯ ಹತ್ತಿರ ಹೋಗಿ ಕಂಬಳಿಗಳನ್ನು ಕಿತ್ತು ಹಾಕತೊಡಗಿದರು. ಮೊಳೆಗಳು ನೆಲಕ್ಕೆ ಬೀಳುತ್ತಿದ್ದವು. ಯಾಕೆಂದು ಕೇಳುವ ಹೊತ್ತಲ್ಲ ಅದು. ನಾನು ಕಾರು ಕರೆತರಲು ಓಡಿದೆ.

ಹಾಸನದ ದಾರಿಯುದ್ದಕ್ಕೂ ಅಮ್ಮನವರು ನನ್ನ ಜೊತೆ ಮಾತಾಡಲಿಲ್ಲ. ಕಿವಿಯ ವೈದ್ಯರು ಹತ್ತಿ ತೆಗೆದು ಬೆಳಕು ಬಿಟ್ಟು ನೋಡಿದರು. ತಮ್ಮದೇ ಫೋರ್ಕ್ ಬಡಿದು ಹಣೆಗೆ ಇಟ್ಟು, ಯಾವ ಕಡೆ ಕೇಳುತ್ತದೆಂದು ಕೇಳಿದರು. ಆಕೆ ಎಡಗಡೆ ತೋರಿಸಿದಾಗ ತಲೆದೂಗಿದರು. ಒಳಕಿವಿ ಪೂರ್ತಿ ಸತ್ತಿಲ್ಲ, ಸದ್ದು ಅಲ್ಲಿಗೆ ಹೋಗುವ ದಾರಿ ಕೊಳೆತಿದೆ ಎಂದರು. ಕೊಳೆತದ್ದು ಮೂಳೆಯನ್ನೇ ತಿನ್ನುತ್ತ ಹೋಗಿತ್ತು. ಜೋರು ಸದ್ದಿಗೆ ತಲೆ ಸುತ್ತುವುದು ಅದರಿಂದಲೇ. ಇನ್ನು ಮಿದುಳಿಗೆ ದೂರವಿಲ್ಲ ಎಂದು ಹೇಳಿ, ಅವತ್ತೇ ಮೈಸೂರಿಗೆ ಬರೆದುಕೊಟ್ಟರು.

ಎಂಜಿನಿಯರು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನನ್ನನ್ನು ಕೇಳಿದರು: "ನಾನು ದಿನಾ ಅವಳ ಮುಖ ನೋಡ್ತಾ ಕೂತಿದ್ದೆ. ಹೇಗೆ ಕಾಣಲಿಲ್ಲ?" ನಾನೂ ಎರಡು ದಿನ ಬಾಯಿ ಮುಚ್ಚಿಕೊಂಡಿದ್ದವನು.

ಆಪರೇಷನ್ನಾಯಿತು. ಆ ಕಿವಿ ಪೂರ್ತಿ ಹೋಯಿತು, ಜೀವ ಉಳಿಯಿತು. ತಲೆ ಸುತ್ತುವುದು ನಿಂತಿತು. ಹಾರ್ಮೋನಿಯಮ್ಮನ್ನು ರಂಗಮ್ಮ ಬಸ್ಸಿನಲ್ಲಿ ತಂದು ನನ್ನ ಅಂಗಡಿಗೆ ಇಳಿಸಿ, "ಏನಾರ ಮಾಡ್ಬೇಕಂತೆ ನೋಡಣ್ಣ," ಎಂದು ಹೇಳಿ ಹೋದಳು. ಮಾಡಲು ಇದ್ದದ್ದು ಒಂದೇ. ಮುರಿದ ರೀಡಿನ ಜಾಗಕ್ಕೆ ಬೇರೊಂದು ಕೂರಿಸಿ, ತಗ್ಗಿನ ಸಾಲನ್ನೂ ಎಂಟು ಅಲೆಯ ಕೆಳಗೇ ತಂದು ಎರಡನ್ನೂ ಕೂಡಿಸಿದೆ. ಈ ಸಲ ಬಾಗಿಲು ತೆರೆದಿತ್ತು. ಅವಸರವಿರಲಿಲ್ಲ. ಆ ನಂಬರಿನಲ್ಲಿ ಏನಾದರೂ ಗುಣವಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆಮೇಲೆ ಒಂದಿಬ್ಬರು ಅದನ್ನೇ ಕೇಳಿಕೊಂಡು ಬಂದರು. ಹೊಸ ಪೆಟ್ಟಿಗೆಯಾದರೆ ಮಾಡಿಕೊಟ್ಟೆ, ಹಳೆಯದಾದರೆ ಬೇಡ ಎಂದೆ.

ಆರೇಳು ತಿಂಗಳ ಮೇಲೆ ಪೆಟ್ಟಿಗೆ ಕೊಡಲು ಹೋದಾಗ ಅಮ್ಮನವರು ನಡುಮನೆಯಲ್ಲಿದ್ದರು. ನಕ್ಕರೆ ಎಡಗಡೆಯ ತುಟಿ ಸ್ವಲ್ಪ ತಡವಾಗಿ ಏಳುತ್ತಿತ್ತು. ಸೆರಗು ಹೆಗಲ ಮೇಲೆಯೇ ಇತ್ತು. ನನ್ನ ಕಡೆ ನೋಡದೆ ಪೆಟ್ಟಿಗೆಯ ಎಡಕ್ಕೆ, ಬಲಗಿವಿ ಅದರ ಕಡೆಗೆ ಬರುವಂತೆ ಕೂತರು. ಒಂದು ಕೈಯಲ್ಲಿ ತಿದಿ ಒತ್ತಿ, ಇನ್ನೊಂದು ಕೈಯಲ್ಲಿ ಮನೆಗಳನ್ನು ಒಂದೊಂದಾಗಿ ಹಿಡಿಯುತ್ತ ಹೋದರು. ಮಧ್ಯದಲ್ಲಿ ಒಂದು ಕಡೆ ನಿಂತರು. ಮತ್ತೆ ಒತ್ತಿದರು.

"ಇದು ಬೇಸೂರು. ಶ್ರುತಿ ಕೂಡಿಲ್ಲ."

"ಇಲ್ಲ ಅಮ್ಮಾ, ನೋಡೇ ತಂದಿದೀನಿ."

"ಬೇಸೂರು ಅಂದೆನಲ್ಲ. ಬಿಚ್ಚು."

ಬಾಗಿ ಕಿವಿ ಕೊಟ್ಟೆ. ನಿಧಾನವಾಗಿ ಒಂದು ಅಲೆ ಏಳುತ್ತಿತ್ತು. ಮೂರು ಎಣಿಸುವಷ್ಟರಲ್ಲಿ ಒಂದು. ನನಗೆ ತಪ್ಪಿಹೋಗಿತ್ತು. ಎರಡು ಕಿವಿಯವನಿಗೆ ಸಿಗದ್ದು ಅವರ ಒಂದೇ ಕಿವಿಗೆ ಸಿಕ್ಕಿತ್ತು. ಚೀಲದಿಂದ ಸಾಮಾನು ತೆಗೆದು ಅಲ್ಲೇ ಬಿಚ್ಚಿದೆ. ತುದಿಯಲ್ಲಿ ಒಂದು ಸಲ, ಬರೀ ಒಂದು ಸಲ ಮುಟ್ಟಿಸಿ ಮತ್ತೆ ಕೂರಿಸಿದೆ. ಅವರು ಒತ್ತಿ ನೋಡಿ, ಇನ್ನೊಮ್ಮೆ ಒತ್ತಿ ನೋಡಿ, "ಹ್ಞೂಂ," ಎಂದರು. ಆಮೇಲೆ, ಅವತ್ತು ನಾನು ಬಂದಾಗಿನಿಂದ ಮೊದಲ ಸಲ ನನ್ನ ಕಡೆ ತಿರುಗಿ, "ಊಟ ಮಾಡ್ಕೊಂಡು ಹೋಗು," ಎಂದರು.

ಎಂಜಿನಿಯರು ಕಂಬಕ್ಕೆ ಒರಗಿ ನಿಂತಿದ್ದರು. ಆಕೆ ಅವರನ್ನು ಕರೆದರು.

"ಬನ್ನಿ ಇಲ್ಲಿ. ತಿದಿ ಒತ್ತಿ. ನನಗೆ ಎರಡು ಕೈಯೂ ಬೇಕು."

ಅವರು ಪೆಟ್ಟಿಗೆಯ ಹಿಂದೆ ಮಂಡಿಯೂರಿ ಕೂತು, ತಿದಿಯ ಹಲಗೆ ಹಿಡಿದರು. ಮೊದಲ ಸಲ ಹಿಡಿಯುವವರ ಹಾಗೆ ಎರಡೂ ಕೈಯಿಂದ ಜೋರಾಗಿ ನೂಕಿದರು. ಪೆಟ್ಟಿಗೆ ಕಿರುಚಿತು.

"ಮೆಲ್ಲಗೆ," ಎಂದರು ಅಮ್ಮನವರು. "ಉಸಿರಾಡೋ ಹಾಗೆ."